ಕಾವಲುಗಾರ ಮಲಗಿದಾಗ

2008ರ ಡಿಸೆಂಬರ್ 10. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಅಂದು ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಮೂವರು ಹಂಚಿಕೊಂಡರು. ಬಹುಮಾನದ ಅರ್ಧ ಭಾಗ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರ ಪಾಲಾಯಿತು. ಉಳಿದರ್ಧ ಫ್ರಾನ್ಸಿನ ಫ್ರಾನ್ಸ್ವಾಜ್ ಬಾರೆ-ಸಿನೂಸಿ ಮತ್ತು ಲುಕ್ ಮೊಂತಾನ್ಯೇ ಅವರದಾಯಿತು. ಫ್ರಾನ್ಸಿನ ಇಬ್ಬರು ಕಂಡುಹಿಡಿದದ್ದು ಏಡ್ಸ್ ರೋಗಕ್ಕೆ ಕಾರಣವಾದ ಎಚ್‌ಐವಿ ವೈರಾಣುವನ್ನು. ಜುರ್ ಹೌಸೆನ್ ಕಂಡುಹಿಡಿದದ್ದು ನರಹುಲಿ ಉಂಟುಮಾಡುವ ಒಂದು ವೈರಾಣು ಕುಟುಂಬದಲ್ಲಿ ಕ್ಯಾನ್ಸರ್ ತರುವ ಸದಸ್ಯರೂ ಇದ್ದಾರೆ ಎಂಬ ಸತ್ಯವನ್ನು.

ಎತ್ತಣ ಏಡ್ಸ್, ಎತ್ತಣ ನರಹುಲಿ! ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವೇ ಇಲ್ಲ. ಆದರೆ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ, ಕ್ಯಾನ್ಸರ್ ವಿಭಾಗದಲ್ಲಿ ದುಡಿಯುವ ವೈದ್ಯರನ್ನು ಕೇಳಿ ನೋಡಿ. ಈ ಎರಡು ವೈರಾಣುಗಳು ಒಂದೇ ದೇಹದಲ್ಲಿ ಸೇರಿದಾಗ ಏನಾಗುತ್ತದೆಂದು ಅವರು ಬಲ್ಲರು. ಒಂದು ಹೊಲದ ಕಾವಲುಗಾರನನ್ನು ಮಲಗಿಸುತ್ತದೆ. ಇನ್ನೊಂದು ಆ ಹೊತ್ತನ್ನೇ ಕಾದು ಹೊಲಕ್ಕೆ ನುಗ್ಗುತ್ತದೆ. ಹೀಗೆ ನುಗ್ಗುವ ಜಾಗಗಳಲ್ಲಿ ಮುಖ್ಯವಾದದ್ದು ಮನುಷ್ಯ ಬಟ್ಟೆಯಿಂದ ಮುಚ್ಚಿಕೊಂಡು, ಮಾತಿನಲ್ಲೂ ಮುಚ್ಚಿಟ್ಟುಕೊಂಡು ಬಂದ ಜನನಾಂಗದ ಮತ್ತು ಗುದದ ಸುತ್ತಲಿನ ಚರ್ಮ.

ಇದು ಮನೆಮಂದಿಯೆಲ್ಲ ಕುಳಿತು ಓದುವ ಪತ್ರಿಕೆಯಲ್ಲಿ ಬರುವ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಈ ಕ್ಯಾನ್ಸರ್‌ನ ಒಂದು ಗುಣವನ್ನು ಗಮನಿಸಬೇಕು. ಮೇದೋಜೀರಕ ಗ್ರಂಥಿಯ ಅಥವಾ ಮಿದುಳಿನ ಗಡ್ಡೆಯ ಹಾಗೆ ಇದು ದೇಹದೊಳಗೆ ಅಡಗಿ ಬೆಳೆಯುವುದಿಲ್ಲ. ಚರ್ಮದ ಮೇಲೆ, ಕಣ್ಣಿಗೆ ಕಾಣುವಂತೆ, ಕೈಗೆ ತಾಕುವಂತೆ, ಬಹುಪಾಲು ವರ್ಷಗಟ್ಟಲೆ ಸೂಚನೆ ಕೊಟ್ಟು ಬೆಳೆಯುತ್ತದೆ. ಹೀಗಿದ್ದೂ ಅನೇಕರು ವೈದ್ಯರ ಬಳಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಕಾರಣ ಒಂದೇ, ನಾಚಿಕೆ.

ಅಟ್ಟಣೆಯ ಮೇಲಿನ ಕಾವಲು

ಜೋಳ ಹಾಲುಗಾಳು ಕಟ್ಟುವ ಕಾಲದಲ್ಲಿ ರೈತ ಹೊಲದ ನಡುವೆ ಅಟ್ಟಣೆ ಕಟ್ಟಿ ಕವಣೆ ಹಿಡಿದು ಕೂರುತ್ತಾನೆ. ಹಕ್ಕಿ ಬಂದರೂ ಹಂದಿ ಬಂದರೂ ಅವನಿಗೆ ಕಾಣುತ್ತದೆ. ನಮ್ಮ ದೇಹದಲ್ಲಿ ಈ ಕೆಲಸ ಬಿಳಿ ರಕ್ತಕಣಗಳದ್ದು. ಅವುಗಳಲ್ಲೂ ಟಿ ಕೋಶಗಳೆಂಬವು ಪ್ರತಿಯೊಂದು ಜೀವಕೋಶದ ಹೊರಮೈಯನ್ನು ತಡವಿ ನೋಡುತ್ತ ಹೋಗುತ್ತವೆ. ವೈರಾಣು ಹೊಕ್ಕ ಕೋಶ, ದಾರಿತಪ್ಪಿ ಬೆಳೆಯತೊಡಗಿದ ಕೋಶ ಸಿಕ್ಕರೆ ಅಲ್ಲೇ ಮುಗಿಸುತ್ತವೆ. ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಅಮೆರಿಕದ ಲೂಯಿಸ್ ಥಾಮಸ್ 1950ರ ದಶಕದಲ್ಲೇ ಇಂಥದೊಂದು ಕಾವಲು ವ್ಯವಸ್ಥೆ ಕ್ಯಾನ್ಸರ್ ಕೋಶಗಳ ಮೇಲೂ ಕಣ್ಣಿಟ್ಟಿರಬೇಕೆಂದು ಊಹಿಸಿದ್ದರು. ಊಹೆ ನಿಜವಾಗಿದ್ದರೆ, ಕಾವಲು ಸಡಿಲಿದವರಲ್ಲಿ ಕ್ಯಾನ್ಸರ್ ಹೆಚ್ಚಾಗಬೇಕಲ್ಲವೇ? ಇದಕ್ಕೆ ಉತ್ತರ ದೊರೆತದ್ದು ಅನಿರೀಕ್ಷಿತ ದಿಕ್ಕಿನಿಂದ.

1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕಸಿ ಮಾಡಿ ಯಶಸ್ವಿಯಾದರು. ಅವರಿಬ್ಬರೂ ತದ್ರೂಪಿ ಅವಳಿಗಳಾದ್ದರಿಂದ ಕಾವಲುಗಾರ ಅದನ್ನು ಪರಕೀಯವೆಂದು ಗುರುತಿಸಲಿಲ್ಲ. ಆದರೆ ಎಲ್ಲ ರೋಗಿಗಳಿಗೂ ತದ್ರೂಪಿ ಅವಳಿಗಳಿರುವುದಿಲ್ಲವಲ್ಲ! ಬೇರೆಯವರ ಅಂಗವನ್ನು ದೇಹ ಒಪ್ಪಿಕೊಳ್ಳಬೇಕಾದರೆ ಕಾವಲುಗಾರನಿಗೆ ಮಂಪರು ಬರಿಸಬೇಕು. 1960ರ ದಶಕದಲ್ಲಿ ಅಜಾಥಯೋಪ್ರಿನ್ ಮತ್ತು ಸ್ಟೀರಾಯ್ಡ್ ಔಷಧಗಳು ಈ ಕೆಲಸಕ್ಕೆ ಬಂದವು. ನಾರ್ವೆ ದೇಶದ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ ಪಡೆದ ಸೈಕ್ಲೋಸ್ಪೋರಿನ್‌ಗೆ 1983ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ ಅಂಗಕಸಿ ಜಗತ್ತಿನೆಲ್ಲೆಡೆ ಹಬ್ಬಿತು. ನಮ್ಮ ದೇಶದಲ್ಲಿ ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನಡೆಯಿತು. ಇಂದು ಪ್ರತಿವರ್ಷ ಸಾವಿರಾರು ಮಂದಿ ಇದರಿಂದ ಮರುಜನ್ಮ ಪಡೆಯುತ್ತಿದ್ದಾರೆ.

ಮಂಪರಿನ ಬೆಲೆ ಏನು? ಇಸ್ರೇಲ್ ಪೆನ್ ಎಂಬ ಶಸ್ತ್ರವೈದ್ಯ ಇದನ್ನು ತಿಳಿಯಲು ಹೊರಟರು. ಕಸಿ ಮಾಡಿಸಿಕೊಂಡವರಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದರೆ ಅದರ ವಿವರವನ್ನು ದಾಖಲಿಸುವ ಪುಸ್ತಕವೊಂದನ್ನು 1968ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಆರಂಭಿಸಿದರು. ಬರುಬರುತ್ತ ಅದೊಂದು ದೊಡ್ಡ ದಾಖಲೆ ಭಂಡಾರವಾಯಿತು. ಚರ್ಮದ ಕ್ಯಾನ್ಸರ್‌ಗಳು, ದುಗ್ಧಗ್ರಂಥಿಯ ಕ್ಯಾನ್ಸರ್‌ಗಳು ಎದ್ದು ಕಂಡವು. 1986ರಲ್ಲಿ ಪೆನ್ ಇನ್ನೊಂದು ಸಂಗತಿಯನ್ನು ಜಗತ್ತಿನ ಮುಂದಿಟ್ಟರು. ಮೂತ್ರಪಿಂಡ ಕಸಿಯಾದ 65 ರೋಗಿಗಳಲ್ಲಿ ಜನನಾಂಗ ಮತ್ತು ಗುದ ಭಾಗದ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಸಾಮಾನ್ಯವಾಗಿ ಇಳಿವಯಸ್ಸಿನಲ್ಲಿ ಬರುವ ಈ ರೋಗ ಇವರಲ್ಲಿ ನಡುವಯಸ್ಸಿಗೇ ಬಂದಿತ್ತು. ಹಲವರಿಗೆ ಅದೇ ಜಾಗದಲ್ಲಿ ಮೊದಲು ನರಹುಲಿಗಳೆದ್ದಿದ್ದವು.

ನರಹುಲಿಯ ಜಾಡು ಹಿಡಿದು

ನರಹುಲಿ! ಜುರ್ ಹೌಸೆನ್ ಅವರ ಯೋಚನೆ ಆರಂಭವಾದದ್ದೂ ಅಲ್ಲಿಂದಲೇ. ಜನನಾಂಗದ ಮೇಲಿನ ನರಹುಲಿ ಅಪರೂಪಕ್ಕೊಮ್ಮೆ ಕ್ಯಾನ್ಸರ್ ಆಗಿ ಮಾರ್ಪಟ್ಟ ಉದಾಹರಣೆಗಳನ್ನು ಅವರು ಹಳೆಯ ವೈದ್ಯಕೀಯ ವರದಿಗಳಲ್ಲಿ ಓದಿದ್ದರು. ಗರ್ಭಕೊರಳಿನ ಕ್ಯಾನ್ಸರ್‌ಗೆ ಹರ್ಪಿಸ್ ವೈರಾಣುವೇ ಕಾರಣವೆಂದು 1970ರ ದಶಕದಲ್ಲಿ ಬಹುತೇಕ ವಿಜ್ಞಾನಿಗಳು ನಂಬಿದ್ದಾಗ, ಅಲ್ಲ, ನರಹುಲಿಯ ಪ್ಯಾಪಿಲೋಮ ವೈರಾಣುವಿನ ಕಡೆ ನೋಡಿ ಎಂದರು. ಅವರ ಮಾತಿಗೆ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ. ಆದರೂ ಪಟ್ಟು ಬಿಡದೆ ಹುಡುಕಿದ ಅವರ ತಂಡ 1983ರಲ್ಲಿ ಕ್ಯಾನ್ಸರ್ ಗಡ್ಡೆಯಿಂದ 16ನೆಯ ಬಗೆಯ ಪ್ಯಾಪಿಲೋಮ ವೈರಾಣುವನ್ನೂ, ಮರುವರ್ಷ 18ನೆಯ ಬಗೆಯನ್ನೂ ಹೊರತೆಗೆಯಿತು. ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡ 70ಕ್ಕೆ ಈ ಎರಡೇ ಕಾರಣ ಎಂದು ಮುಂದೆ ತಿಳಿದುಬಂತು. ಗುದದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡ 90ರಲ್ಲಿ, ಪುರುಷರ ಜನನಾಂಗದ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದೇ ಕುಟುಂಬದ ಕೈವಾಡ ಕಾಣುತ್ತದೆ.

ಈ ಕುಟುಂಬದಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಬೆರಳಿನ ಮೇಲೆ, ಅಂಗಾಲಿನಲ್ಲಿ ನರಹುಲಿ ಎಬ್ಬಿಸುವ ಬಗೆಗಳೇ ಬೇರೆ. ಜನನಾಂಗದ ನರಹುಲಿಗಳಿಗೆ ಬಹುಪಾಲು 6 ಮತ್ತು 11ನೆಯ ಬಗೆಗಳು ಕಾರಣ. ಇವು ಕಿರುಕುಳ ಕೊಡುತ್ತವೆಯೇ ಹೊರತು ಕ್ಯಾನ್ಸರ್ ಆಗುವುದು ಬಹಳ ವಿರಳ. ಅಪಾಯಕಾರಿಗಳು ಹತ್ತು ಹನ್ನೆರಡು ಮಾತ್ರ.

ಈ ಅಪಾಯಕಾರಿ ಬಗೆಗಳ ಕೆಲಸದ ರೀತಿ ಕುತೂಹಲಕರ. ಪ್ರತಿ ಜೀವಕೋಶದಲ್ಲೂ ಅತಿಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳಿವೆ. ಬಂಡಿಗೆ ಬ್ರೇಕು ಇದ್ದ ಹಾಗೆ ಎನ್ನಬಹುದು. ಅವುಗಳಲ್ಲಿ ಪಿ53 ಮತ್ತು ಆರ್‌ಬಿ ಎಂಬ ಎರಡು ಮುಖ್ಯವಾದವು. ವೈರಾಣು ತನ್ನ ಇ6 ಎಂಬ ಪ್ರೋಟೀನಿನಿಂದ ಮೊದಲನೆಯದನ್ನು ನಾಶಗೊಳಿಸುತ್ತದೆ. ಇ7 ಎಂಬುದರಿಂದ ಎರಡನೆಯದನ್ನು ಕಟ್ಟಿಹಾಕುತ್ತದೆ. ಬ್ರೇಕು ಕಿತ್ತ ಬಂಡಿ ಇಳಿಜಾರಿನಲ್ಲಿ ಎಲ್ಲಿ ನಿಂತೀತು?

ಆದರೆ ವೈರಾಣು ಹೊಕ್ಕವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ದಾಂಪತ್ಯ ಜೀವನ ನಡೆಸುವ ಗಂಡು ಹೆಣ್ಣುಗಳಲ್ಲಿ ಬಹುತೇಕರಿಗೆ ಜೀವನದಲ್ಲಿ ಒಮ್ಮೆಯಾದರೂ ಇದರ ಸೋಂಕು ತಗಲಿರುತ್ತದೆ. ಚರ್ಮಕ್ಕೆ ಚರ್ಮ ತಾಗಿದರೆ ಸಾಕು. ಎಷ್ಟೋ ವರ್ಷಗಳ ಹಿಂದಿನ ಸೋಂಕು ಸದ್ದಿಲ್ಲದೆ ಉಳಿದಿರಬಹುದು. ಆದ್ದರಿಂದ ಈ ಸೋಂಕನ್ನು ನಡತೆಯ ಪ್ರಮಾಣಪತ್ರವೆಂಬಂತೆ ನೋಡುವುದು ತಪ್ಪು, ಕ್ರೂರವೂ ಹೌದು. ಆರೋಗ್ಯವಂತರಲ್ಲಿ ಬಿಳಿ ರಕ್ತಕಣಗಳು ಒಂದೆರಡು ವರ್ಷಗಳೊಳಗೆ ಈ ವೈರಾಣುವನ್ನು ಹತ್ತಿಕ್ಕಿಬಿಡುತ್ತವೆ. ತೊಂದರೆ ಬರುವುದು ಕಾವಲುಗಾರ ಸೋತಾಗ.

ಎಚ್‌ಐವಿ ದಾಳಿ ಮಾಡುವುದು ನೇರವಾಗಿ ಸಿಡಿ4 ಎಂಬ ಟಿ ಕೋಶಗಳ ಮೇಲೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು 500ರಿಂದ 1500ರವರೆಗೆ ಇರುತ್ತವೆ. 200ಕ್ಕಿಂತ ಕೆಳಗಿಳಿದರೆ ಅದು ಏಡ್ಸ್ ಹಂತ. ಸಾಮಾನ್ಯ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬೆಳೆಯಲು 15ರಿಂದ 20 ವರ್ಷ ಹಿಡಿದರೆ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಚ್‌ಐವಿ ಸೋಂಕಿರುವ ಮಹಿಳೆಯರಿಗೆ ಈ ಕ್ಯಾನ್ಸರಿನ ಸಂಭವ ಆರು ಪಟ್ಟು ಹೆಚ್ಚು. ಹೊರಭಾಗದ ಚರ್ಮದ ಮೇಲೂ ಅದೇ ವೈರಾಣುವಿನ ದಾಳಿ ನಡೆಯುತ್ತದೆ. 2023ರ ಅಂದಾಜಿನಂತೆ ಭಾರತದಲ್ಲಿ ಸುಮಾರು 25 ಲಕ್ಷ ಮಂದಿ ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿದ್ದಾರೆ. 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ ಔಷಧಗಳಿಂದ ಅವರ ಆಯುಸ್ಸು ಹೆಚ್ಚಿದೆ. ಇದು ಸಂತೋಷದ ಮಾತು. ಹೆಚ್ಚಿದ ಆಯುಸ್ಸಿನಲ್ಲಿ ಕ್ಯಾನ್ಸರ್ ಕುರಿತ ಎಚ್ಚರವೂ ಸೇರಿರಬೇಕು ಅಷ್ಟೆ.

ಕಂದು ಚರ್ಮಕ್ಕೆ ಭಯವಿಲ್ಲವೇ?

ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ, ನಮ್ಮ ಬಣ್ಣವೇ ನಮಗೆ ರಕ್ಷಣೆ ಎಂಬ ನಂಬಿಕೆಯೊಂದಿದೆ. ಬಿಸಿಲಿನಿಂದ ಬರುವ ಕ್ಯಾನ್ಸರ್ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಕೋಶಗಳನ್ನು ಕಾಪಾಡುತ್ತದೆ. ಆದರೆ ವೈರಾಣುವಿಗೆ ಮೆಲನಿನ್ ಯಾವ ಲೆಕ್ಕ?

ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಚರ್ಮವೈದ್ಯರು ಅಂಗಕಸಿಯಾದ 400ಕ್ಕೂ ಹೆಚ್ಚು ರೋಗಿಗಳ ಇಡೀ ದೇಹದ ಚರ್ಮವನ್ನು ಪರೀಕ್ಷಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಬಿಳಿಯರಲ್ಲಿ ಕ್ಯಾನ್ಸರ್ ಇದ್ದದ್ದು ಹೆಚ್ಚಾಗಿ ಮುಖ, ಕೈಗಳಂಥ ಬಿಸಿಲು ಬೀಳುವ ಕಡೆ. ಕಪ್ಪು ಜನಾಂಗದವರಲ್ಲಾದರೋ ಬಿಸಿಲೇ ಕಾಣದ ಭಾಗಗಳಲ್ಲಿ, ಅದರಲ್ಲೂ ಜನನಾಂಗದ ಸುತ್ತ, ಆರಂಭದ ಹಂತದ ಕ್ಯಾನ್ಸರ್‌ಗಳು ಸಿಕ್ಕವು. ಮುಖ, ಕೈಗಳನ್ನಷ್ಟೇ ನೋಡಿ ಕಳಿಸಿದ್ದರೆ ಅವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಂದು ಚರ್ಮದ ನಾವೂ ಇದರಿಂದ ಕಲಿಯಬೇಕಾದ ಪಾಠವಿದೆ. ನೋಡದ ಜಾಗದಲ್ಲಿ ರೋಗವಿಲ್ಲವೆಂದು ಹೇಳುವುದು ವಿಜ್ಞಾನವಲ್ಲ.

ಗುರುತುಗಳೇನು?

ಒಂದು ಮನೆಯನ್ನು ಊಹಿಸಿಕೊಳ್ಳಿ. ಮೂವತ್ತೈದರ ಮಗನಿಗೆ ತಾಯಿಯೇ ಮೂತ್ರಪಿಂಡ ಕೊಟ್ಟು ಬದುಕಿಸಿದ್ದಾಳೆ. ಅವನು ತಪ್ಪದೆ ಮಾತ್ರೆ ನುಂಗುತ್ತಾನೆ, ತಿಂಗಳು ತಿಂಗಳು ರಕ್ತಪರೀಕ್ಷೆ ಮಾಡಿಸುತ್ತಾನೆ. ಎಂಟು ವರ್ಷ ಕಳೆದ ಮೇಲೆ ತೊಡೆಸಂದಿನಲ್ಲಿ ಸಣ್ಣದೊಂದು ಗಂಟು ಏಳುತ್ತದೆ. ನೋವಿಲ್ಲ. ಹೆಂಡತಿಗೆ ಹೇಳಲು ಸಂಕೋಚ, ವೈದ್ಯರಿಗೆ ತೋರಿಸಲು ಅದಕ್ಕಿಂತ ಸಂಕೋಚ. ಅಂಗಡಿಯಿಂದ ಹುಳುಕಡ್ಡಿಯ ಮುಲಾಮು ತಂದು ಹಚ್ಚುತ್ತಾನೆ. ಹೀಗೆ ಒಂದು ವರ್ಷ ಹೋಗುತ್ತದೆ. ತಾಯಿ ಕೊಟ್ಟ ಮೂತ್ರಪಿಂಡ ಚೆನ್ನಾಗಿಯೇ ಇರುತ್ತದೆ. ಅಪಾಯ ಬೇರೆ ಬಾಗಿಲಿನಿಂದ ಒಳಗೆ ಬಂದಿರುತ್ತದೆ. ಉಗುರಿನಿಂದ ಚಿವುಟಿ ಹಾಕಬಹುದಾಗಿದ್ದಕ್ಕೆ ಕೊಡಲಿ ಹಿಡಿಯುವ ಕಾಲ ಬರುವುದು ಹೀಗೆ.

ಆದ್ದರಿಂದ ಕೆಲವು ಗುರುತುಗಳನ್ನು ಎಲ್ಲರೂ ತಿಳಿದಿರಬೇಕು. ಮೂರು ನಾಲ್ಕು ವಾರವಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಅಥವಾ ಕಪ್ಪಾದ ದಪ್ಪ ಮಚ್ಚೆ, ದಿನೇದಿನೇ ದೊಡ್ಡದಾಗುವ ನರಹುಲಿ, ಬಿಡದ ತುರಿಕೆ, ರಕ್ತ ಒಸರುವುದು, ತೊಡೆಸಂದಿನ ಗಂಟು, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಬೇಕು. ಬಹುಪಾಲು ಸಂದರ್ಭಗಳಲ್ಲಿ ಅದು ಬರಿಯ ಸೋಂಕೋ ಅಲರ್ಜಿಯೋ ಆಗಿರುತ್ತದೆ. ಸಂಶಯವಿದ್ದರೆ ಜಾಗವನ್ನು ಮರಗಟ್ಟಿಸಿ ಅಕ್ಕಿಕಾಳಿನಷ್ಟು ಚರ್ಮ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಬಯಾಪ್ಸಿ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆಂಬ ಮಾತು ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಕೇಳಿಬರುತ್ತದೆ. ಅದು ಸುಳ್ಳು.

ಎಲ್ಲ ಕ್ಯಾನ್ಸರ್‌ಗೂ ವೈರಾಣುವೇ ಕಾರಣವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವಯಸ್ಸಾದ ಮಹಿಳೆಯರಲ್ಲಿ ಬಹುಕಾಲದಿಂದಿರುವ, ತುರಿಸುವ, ತೆಳುವಾದ ಬಿಳಿಯ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟಬಹುದು. ಪುರುಷರಲ್ಲಿ ಮುಂದೊಗಲು ಹಿಂದೆ ಸರಿಯದೆ ಕೊಳೆ ಶೇಖರವಾಗುವುದು ಒಂದು ಕಾರಣ. ಬೀಡಿ, ಸಿಗರೇಟು ಇವೆಲ್ಲಕ್ಕೂ ತುಪ್ಪ ಸುರಿಯುತ್ತವೆ. ಸ್ನಾನದ ವೇಳೆ ಶುಚಿಗೊಳಿಸಿಕೊಳ್ಳುವ ಬಗೆಯನ್ನು ತಂದೆಯಾದವನು ಮಗನಿಗೆ ಹೇಳಿಕೊಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ.

ಬೇಗ ಕಂಡರೆ ಬೇಗ ವಾಸಿ

ಆರಂಭದಲ್ಲೇ ಸಿಕ್ಕರೆ ಚಿಕಿತ್ಸೆ ಸುಲಭ. ಹಚ್ಚುವ ಔಷಧ, ಲೇಸರ್ ಕಿರಣ ಅಥವಾ ಸಣ್ಣ ಶಸ್ತ್ರಕ್ರಿಯೆಯಿಂದಲೇ ಗುಣವಾಗಬಹುದು. ಬೆಳೆದ ಮೇಲಾದರೆ ದೊಡ್ಡ ಶಸ್ತ್ರಕ್ರಿಯೆ, ವಿಕಿರಣ ಚಿಕಿತ್ಸೆ, ಅಂಗವನ್ನೇ ಕಳೆದುಕೊಳ್ಳುವ ಪ್ರಸಂಗ. ಬೇಗ ಹುಡುಕಿ ಗುಣಪಡಿಸಿದರೆ ನಿಜಕ್ಕೂ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಉತ್ತರ ಕೊಟ್ಟಿದೆ. ಎಚ್‌ಐವಿ ಸೋಂಕಿದ್ದು, ಗುದದ ಒಳಚರ್ಮದಲ್ಲಿ ಕ್ಯಾನ್ಸರ್ ಪೂರ್ವದ ಬದಲಾವಣೆ ಕಂಡ 4,400ಕ್ಕೂ ಹೆಚ್ಚು ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪನ್ನು ಸೂಕ್ಷ್ಮವಾಗಿ ಗಮನಿಸುತ್ತ ಹೋದರು. ಚಿಕಿತ್ಸೆ ಪಡೆದವರಲ್ಲಿ ಕ್ಯಾನ್ಸರ್ ಶೇಕಡ 57ರಷ್ಟು ಕಡಿಮೆಯಾಯಿತು. 2022ರಲ್ಲಿ ಪ್ರಕಟವಾದ ಈ ಫಲಿತಾಂಶ ಎಷ್ಟು ಸ್ಪಷ್ಟವಾಗಿತ್ತೆಂದರೆ, ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿ ಎಲ್ಲರಿಗೂ ಚಿಕಿತ್ಸೆಯ ಅವಕಾಶ ಕೊಡಲಾಯಿತು.

ಅಂಗಕಸಿಯಾದವರಿಗೆ ಒಂದು ಮುಖ್ಯ ಎಚ್ಚರಿಕೆ. ಈ ಲೇಖನ ಓದಿ ಹೆದರಿ ಯಾರೂ ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದರೆ ಕಸಿಯಾದ ಅಂಗವೇ ಹೋಗುತ್ತದೆ. ಔಷಧದ ಪ್ರಮಾಣ ಇಳಿಸಬೇಕೇ, ಬೇರೆ ಔಷಧಕ್ಕೆ ಬದಲಾಯಿಸಬೇಕೇ ಎಂಬ ತೀರ್ಮಾನ ವೈದ್ಯರದು. ರೋಗಿ ಮಾಡಬೇಕಾದ್ದು ಇಷ್ಟೇ. ವರ್ಷಕ್ಕೊಮ್ಮೆಯಾದರೂ ತಲೆಯಿಂದ ಕಾಲಿನವರೆಗೆ, ಒಳಉಡುಪಿನ ಭಾಗವೂ ಸೇರಿದಂತೆ, ಇಡೀ ಚರ್ಮವನ್ನು ಪರೀಕ್ಷಿಸಿ ಎಂದು ತಾನಾಗಿ ಕೇಳುವುದು. ಮಹಿಳೆಯರು ಗರ್ಭಕೊರಳಿನ ಪರೀಕ್ಷೆಯನ್ನೂ ತಪ್ಪಿಸಬಾರದು. ಸಂಧಿವಾತ, ಲೂಪಸ್ ಮುಂತಾದ ಕಾಯಿಲೆಗಳಿಗೆ ವರ್ಷಗಟ್ಟಲೆ ಇಂಥದೇ ಔಷಧ ತೆಗೆದುಕೊಳ್ಳುವವರೂ ಈ ಮಾತನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಬೇಲಿ ಮೊದಲೇ ಇರಲಿ

ಹಂದಿ ನುಗ್ಗಿದ ಮೇಲೆ ಬೇಲಿ ಕಟ್ಟಿ ಫಲವೇನು? ಜುರ್ ಹೌಸೆನ್ 1980ರ ದಶಕದಲ್ಲೇ ಲಸಿಕೆ ತಯಾರಿಸುವಂತೆ ಔಷಧ ಕಂಪನಿಗಳನ್ನು ಕೇಳಿದ್ದರು. ಇದಕ್ಕೆ ಮಾರುಕಟ್ಟೆಯಿಲ್ಲವೆಂಬ ಉತ್ತರ ಬಂತು. ಮುಂದೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಫ್ರೇಜರ್ ಮತ್ತು ಚೀನಾ ಮೂಲದ ಜಿಯಾನ್ ಝೌ ವೈರಾಣುವಿನ ಹೊರಚಿಪ್ಪನ್ನು ಮಾತ್ರ ತಯಾರಿಸುವ ದಾರಿ ಕಂಡುಕೊಂಡರು. ಒಳಗೆ ತಿರುಳಿಲ್ಲದ ಬರೀ ಚಿಪ್ಪು! ಅದರಿಂದ ರೋಗ ಬಾರದು. ಆದರೆ ಕಾವಲುಗಾರನಿಗೆ ಕಳ್ಳನ ಮುಖಪರಿಚಯವಾಗುತ್ತದೆ. 1999ರಲ್ಲಿ ಅಕಾಲ ಮರಣಕ್ಕೀಡಾದ ಝೌ ಲಸಿಕೆ ಬಳಕೆಗೆ ಬಂದುದನ್ನು ನೋಡಲಿಲ್ಲ. 2006ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಮರುವರ್ಷವೇ ಆಸ್ಟ್ರೇಲಿಯ ತನ್ನ ಹೆಣ್ಣುಮಕ್ಕಳಿಗೂ, 2013ರಿಂದ ಗಂಡುಮಕ್ಕಳಿಗೂ ಶಾಲೆಗಳಲ್ಲೇ ಲಸಿಕೆ ಹಾಕಿಸತೊಡಗಿತು. ಇಂಗ್ಲೆಂಡಿನಲ್ಲಿ 12-13ನೆಯ ವಯಸ್ಸಿನಲ್ಲಿ ಲಸಿಕೆಯ ಅವಕಾಶ ಪಡೆದ ಪೀಳಿಗೆಯ ಹೆಣ್ಣುಮಕ್ಕಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಶೇಕಡ 87ರಷ್ಟು ಇಳಿದಿದೆ ಎಂದು 2021ರ ವರದಿ ತಿಳಿಸಿತು.

ನಮ್ಮ ದೇಶದಲ್ಲಿ ಸಿಕ್ಕಿಂ ರಾಜ್ಯ 2018ರಲ್ಲಿ ಶಾಲಾ ಬಾಲಕಿಯರಿಗೆ ಈ ಲಸಿಕೆ ಕೊಟ್ಟು ಮಾದರಿಯಾಯಿತು. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ಸೆರ್ವಾವ್ಯಾಕ್ ಎಂಬ ದೇಶೀಯ ಲಸಿಕೆ 2023ರಲ್ಲಿ ಮಾರುಕಟ್ಟೆಗೆ ಬಂತು. ಅದು 6, 11, 16, 18 ಈ ನಾಲ್ಕು ಬಗೆಗಳನ್ನು ತಡೆಯುತ್ತದೆ. ಒಂಬತ್ತರಿಂದ ಹದಿನಾಲ್ಕರ ವಯಸ್ಸು ಲಸಿಕೆಗೆ ಅತ್ಯುತ್ತಮ. ಗಂಡುಮಕ್ಕಳಿಗೂ ಕೊಡಿಸಬಹುದು. ಇದು ಜೀವಂತ ವೈರಾಣುವಿನ ಲಸಿಕೆಯಲ್ಲದ ಕಾರಣ ರೋಗನಿರೋಧಕ ಶಕ್ತಿ ಕುಂದಿದವರಿಗೂ ಅಪಾಯವಿಲ್ಲ. ಆದರೆ ಅವರಿಗೆ ಒಂದೇ ಸೂಜಿ ಸಾಲದು. ಕನಿಷ್ಠ ಎರಡು, ಸಾಧ್ಯವಾದರೆ ಮೂರು ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗುವಿಗೆ ಮುಂದೆ ಅಂಗಕಸಿ ಆಗಬೇಕಾಗಿದ್ದರೆ ಕಾವಲುಗಾರ ಎಚ್ಚರವಾಗಿರುವಾಗಲೇ, ಅಂದರೆ ಕಸಿಗೆ ಮೊದಲೇ, ಲಸಿಕೆ ಕೊಡಿಸುವ ಬಗ್ಗೆ ವೈದ್ಯರನ್ನು ಕೇಳುವುದು ಜಾಣತನ.

ಮೌನ ಮುರಿಯುವವರಾರು?

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಪ್ರಜನನ ವ್ಯೂಹದ ಪಾಠವಿದೆ. ಎಷ್ಟೋ ತರಗತಿಗಳಲ್ಲಿ ಆ ಪಾಠ ಬಂದಾಗ ಹುಡುಗರು ಮುಸಿಮುಸಿ ನಗುತ್ತಾರೆ, ಹುಡುಗಿಯರು ತಲೆತಗ್ಗಿಸುತ್ತಾರೆ, ಮೇಷ್ಟ್ರು 'ಮನೆಯಲ್ಲಿ ಓದಿಕೊಳ್ಳಿ' ಎಂದು ಪುಟ ಮಗುಚುತ್ತಾರೆ. ಮನೆಯಲ್ಲಾದರೂ ಓದಿಸುವವರಾರು? ಕಣ್ಣಿನ ಪಾಠದಲ್ಲಿ ಇಲ್ಲದ ನಾಚಿಕೆ, ಹೃದಯದ ಪಾಠದಲ್ಲಿ ಇಲ್ಲದ ನಾಚಿಕೆ ಇಲ್ಲಿ ಮಾತ್ರ ಏಕೆ? ಅಂದು ಕಲಿತ ಮೌನ ಮೂವತ್ತು ನಲವತ್ತು ವರ್ಷಗಳ ಅನಂತರ ವೈದ್ಯರ ಕೋಣೆಯಲ್ಲಿ ಬಾಯಿ ಕಟ್ಟುತ್ತದೆ. ಅದರ ಬೆಲೆಯನ್ನು ತೆರುವುದು ಜೀವ.

'ಅಮ್ಮಾ, ಇಲ್ಲೇನೋ ಗಾಯವಾಗಿದೆ' ಎಂದು ಮಗಳು, 'ಅಪ್ಪಾ, ಡಾಕ್ಟರ ಹತ್ತಿರ ಹೋಗಬೇಕು' ಎಂದು ಮಗ ಅಳುಕಿಲ್ಲದೆ ಹೇಳುವ ಮನೆಯಲ್ಲಿ ಈ ರೋಗಕ್ಕೆ ಬೆಳೆಯಲು ಸಮಯ ಸಿಗುವುದಿಲ್ಲ. ಅಂಗಕಸಿಯಾದ ಅಣ್ಣನೋ, ಎಚ್‌ಐವಿಗೆ ಔಷಧ ತೆಗೆದುಕೊಳ್ಳುತ್ತಿರುವ ಅತ್ತೆಯೋ ಇದ್ದರೆ ಅವರನ್ನು 'ಈ ವರ್ಷ ಚರ್ಮದ ಪರೀಕ್ಷೆ ಆಯಿತೇ?' ಎಂದು ಕೇಳುವ ಧೈರ್ಯ ಮನೆಯ ವಿದ್ಯಾರ್ಥಿಗೇ ಬರಲಿ. ಜುರ್ ಹೌಸೆನ್ 2023ರಲ್ಲಿ ತೀರಿಕೊಂಡರು. ಎಲ್ಲರೂ ಬೇರೆಲ್ಲೋ ಹುಡುಕುತ್ತಿದ್ದಾಗ ಅವರು ಕಣ್ಣಿಗೆ ಕಾಣುವ ನರಹುಲಿಯನ್ನು ನಾಚದೆ, ಹೇಸದೆ ನೋಡಿದರು. ಅವರು ಆರಂಭಿಸಿದ ಆ ನೋಟವನ್ನು ಮುಂದುವರಿಸಲು ನೊಬೆಲ್ ಬಹುಮಾನವೇನೂ ಬೇಕಿಲ್ಲ, ಸ್ನಾನದ ಮನೆಯ ಒಂದು ಕನ್ನಡಿ, ಮನೆಯವರೊಡನೆ ಒಂದು ಮಾತು ಸಾಕು.